ನರ್ಸಮ್ಮ ಯಾಕೆ ಮನೆಗೆ ಬರಲ್ಲ?

ಅಕ್ಟೋಬರ್ 10 ಬಂತೆಂದರೆ ನಮ್ಮ ಟೆಕ್ ಪಾರ್ಕುಗಳಲ್ಲಿ ಮಾನಸಿಕ ಆರೋಗ್ಯದ ಹಬ್ಬ. ಲಾಬಿಯಲ್ಲಿ ಹಸಿರು ರಿಬ್ಬನ್ನು, ಮಧ್ಯಾಹ್ನ ಊಟದ ಹೊತ್ತಿಗೆ ಒಂದು ವೆಬಿನಾರು, ಸಂಜೆ ಎಚ್‌ಆರ್ ಕಡೆಯಿಂದ ಒಂದು ಮೇಲು: ಧ್ಯಾನದ ಆಪ್ ಮೂರು ತಿಂಗಳು ಫ್ರೀ. ಬರ್ನ್‌ಔಟ್ ಬಗ್ಗೆ ಮಾತು, ನಿದ್ದೆ ಬಗ್ಗೆ ಮಾತು, ಉಸಿರಾಟದ ಬಗ್ಗೆ ಮಾತು. ಸ್ಕಿಜೋಫ್ರೇನಿಯಾ ಅನ್ನೋ ಪದ ಮಾತ್ರ ಅಪ್ಪಿತಪ್ಪಿಯೂ ಯಾರ ಬಾಯಲ್ಲೂ ಬರಲ್ಲ. ಬೈಪೋಲಾರ್ ಅನ್ನೋದು ಬಂದರೂ ಆಗಾಗ ಮೂಡು ಬದಲಾಯಿಸೋ ಗೆಳೆಯನನ್ನ ರೇಗಿಸೋಕೆ ಬರುತ್ತೆ, ಅಷ್ಟೆ.

ಆಪ್ ಬೇಡ ಅಂತ ನಾನು ಹೇಳ್ತಿಲ್ಲ. ಆಪ್ ಮಾಡೋದೇ ನನ್ನ ಹೊಟ್ಟೆಪಾಡು. ನನ್ನ ತಕರಾರು ಬೇರೆ. ಮನಸ್ಸಿನ ಕಾಯಿಲೆ ಅಂದ ತಕ್ಷಣ ನಮಗೆ ನೆನಪಾಗೋದು ಇಬ್ಬರೇ: ಒಬ್ಬರು ಡಾಕ್ಟರು, ಇನ್ನೊಬ್ಬರು ಕೌನ್ಸೆಲರು. ಡಾಕ್ಟರು ಸಿಗೋದು ಹತ್ತು ನಿಮಿಷ, ಕೌನ್ಸೆಲರು ಸಿಗೋದು ಮುಕ್ಕಾಲು ಗಂಟೆ. ಉಳಿದ ಹೊತ್ತೆಲ್ಲ ಕಾಯಿಲೆ ಬಿದ್ದವರ ಜೊತೆ ಇರೋ ಕೆಲಸ ನರ್ಸಿನದು. ಆ ನರ್ಸನ್ನ ನಾವು ಲೆಕ್ಕಕ್ಕೇ ಹಿಡಿದಿಲ್ಲ. ವಾರ್ಡಿನೊಳಗೆ ಸಾಕಷ್ಟು ಜನ ಇಲ್ಲ, ವಾರ್ಡು ದಾಟಿ ರೋಗಿಯ ಮನೆಗೆ ಹೋಗೋರಂತೂ ಹುಡುಕಿದರೂ ಸಿಗೋದು ಕಷ್ಟ. ಇದು ಹೇಗೆ ಮಾಡಬೇಕು ಅಂತ ಗೊತ್ತಿಲ್ಲದೆ ಆಗಿರೋದಲ್ಲ. ಮಾಡಬಹುದು ಅಂತ ಇದೇ ಬೆಂಗಳೂರು 40 ವರ್ಷದ ಹಿಂದೆಯೇ ತೋರಿಸಿಕೊಟ್ಟಿತ್ತು. ತೋರಿಸಿಕೊಟ್ಟು, ಊರಿಗೆಲ್ಲ ಹಬ್ಬಿಸದೆ ಸುಮ್ಮನಾಯ್ತು. ನನ್ನ ಸಿಟ್ಟಿರೋದು ಅದರ ಮೇಲೆ.

ನಾನು ಅರಸೀಕೆರೆ ಕಡೆಯ ಹಳ್ಳಿಯವನು. ನಮ್ಮೂರಿಗೆ ಡಾಕ್ಟರು ಬಂದಿದ್ದನ್ನ ನೋಡಿದ್ದು ಕಡಿಮೆ, ಆದರೆ ನರ್ಸಮ್ಮ ಬರ್ತಿದ್ರು. ಹೆಗಲಿಗೊಂದು ಬ್ಯಾಗು, ಕಂಕುಳಲ್ಲಿ ರಿಜಿಸ್ಟರು. ಬಸುರಿ ಇರೋ ಮನೆ ಯಾವುದು, ಬಾಣಂತಿ ಇರೋ ಮನೆ ಯಾವುದು ಎಲ್ಲ ಅವರಿಗೆ ಗೊತ್ತು. ಮಗುವಿಗೆ ಚುಚ್ಚುಮದ್ದು ಹಾಕಿಸೋದು ತಪ್ಪಿಸಿದ್ರೆ ಜಗಲಿ ಮೇಲೆ ಕೂತು ಅಜ್ಜಿಗೆ ಸರಿಯಾಗಿ ಬೈದು, ಅವರು ಕೊಟ್ಟ ಕಾಫಿ ಕುಡಿದೇ ಏಳ್ತಿದ್ರು. ಕ್ಷಯದವರು ಮಾತ್ರೆ ನುಂಗೋದನ್ನ ಎದುರಿಗೆ ನಿಂತು ನೋಡೋ ಪದ್ಧತಿಯೂ ಬಂತು. ಯಾಕೆ? ಸ್ವಲ್ಪ ಗುಣ ಕಂಡ ಕೂಡಲೇ ಮಾತ್ರೆ ಬಿಟ್ಟರೆ ಕಾಯಿಲೆ ಮರಳುತ್ತೆ ಅನ್ನೋದು ಸರ್ಕಾರಕ್ಕೆ ಗೊತ್ತಿತ್ತು. ಅದೇ ಊರಲ್ಲಿ ತನ್ನಷ್ಟಕ್ಕೆ ಮಾತಾಡ್ಕೊಂಡು, ಗಾಳಿಗೆ ಕೈ ಬೀಸ್ಕೊಂಡು ಓಡಾಡ್ತಿದ್ದ ಒಬ್ಬನೂ ಇದ್ದ. ಅವನ ಕಾಯಿಲೆಯದೂ ಅದೇ ಗುಣ, ಮಾತ್ರೆ ಬಿಟ್ಟರೆ ಮರಳುತ್ತೆ. ಆದರೆ ನರ್ಸಮ್ಮನ ರಿಜಿಸ್ಟರಿನಲ್ಲಿ ಅವನಿಗೆ ಕಾಲಮ್ಮೇ ಇರಲಿಲ್ಲ.

ಬೆಂಗಳೂರಿಗೆ ಬಂದರೆ ಕಾಲಮ್ಮು ಇರಬಹುದು ಅಂದುಕೊಳ್ತೀವಿ. ನೇರಳೆ ಮೆಟ್ರೊ ಹಾದಿಯನ್ನೇ ತಗೊಳ್ಳಿ. ಕೆ.ಆರ್. ಪುರ, ಇಂದಿರಾನಗರ, ಹಲಸೂರು, ಎಲ್ಲೇ ಇದ್ದರೂ ಹತ್ತು ನಿಮಿಷಕ್ಕೆ ಮನೆಗೆ ಕೊತ್ತಂಬರಿ ಕಟ್ಟು ಬರುತ್ತೆ. ಬೆಳಿಗ್ಗೆ ಆರಕ್ಕೆ ಲ್ಯಾಬಿನ ಹುಡುಗ ಬಂದು ಶುಗರ್ ಟೆಸ್ಟಿಗೆ ರಕ್ತ ತಗೊಂಡು ಹೋಗ್ತಾನೆ. ಮಂಡಿ ಆಪರೇಷನ್ ಆದ ತಾತನಿಗೆ ಫಿಸಿಯೋಥೆರಪಿಸ್ಟು ಮನೆಗೇ ಬರ್ತಾರೆ. ಮನೋರೋಗದ ವಾರ್ಡಿನಿಂದ ನಿನ್ನೆ ಬಿಡುಗಡೆ ಆದವರ ಮನೆಗೆ ಮಾತ್ರ ಯಾರೂ ಬರಲ್ಲ. ಗೋಡೆ ಮೇಲೆ, ಲೈಟ್ ಕಂಬದ ಮೇಲೆ ‘ಹೋಮ್ ನರ್ಸ್ ಸಿಗುತ್ತಾರೆ’ ಅಂತ ನಂಬರ್ ಅಂಟಿಸಿರ್ತಾರಲ್ಲ, ಆ ಏಜೆನ್ಸಿಗಳು ಕಳಿಸೋರಲ್ಲಿ ಎಷ್ಟೋ ಜನ ನರ್ಸಿಂಗ್ ಓದಿದವರೇ ಅಲ್ಲ. ಪಾಪ, ಹಾಸಿಗೆ ಹಿಡಿದವರಿಗೆ ಊಟ ಮಾಡಿಸಿ, ಸ್ನಾನ ಮಾಡಿಸೋದು ಅವರಿಗೆ ಗೊತ್ತು. ಕಿವಿಯಲ್ಲಿ ದನಿ ಕೇಳೋ ಮನುಷ್ಯನ ಜೊತೆ ರಾತ್ರಿ ಎರಡು ಗಂಟೆಗೆ ಹೇಗೆ ಮಾತಾಡಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಅದರಲ್ಲೇನು ಹೇಳಿಕೊಡೋದು ಅಂತೀರಾ? ಸೈಕಿಯಾಟ್ರಿಕ್ ನರ್ಸ್ ಅಂದ್ರೆ ಇಂಜೆಕ್ಷನ್ ಚುಚ್ಚೋರು, ಗಲಾಟೆ ಮಾಡಿದ್ರೆ ಕೈಕಾಲು ಹಿಡ್ಕೊಳ್ಳೋರು ಅಂತ ಸಿನಿಮಾಗಳು ನಮಗೆ ಕಲಿಸಿವೆ. ನಿಜವಾದ ಕೆಲಸ ಬೇರೆಯೇ ಇದೆ. ಮಾತ್ರೆಯನ್ನ ನಾಲಿಗೆ ಕೆಳಗೆ, ಕೆನ್ನೆಯೊಳಗೆ ಅಡಗಿಸಿಟ್ಟುಕೊಂಡಿದ್ದಾರಾ ಅಂತ ಮುಖ ನೋಡಿ ಪತ್ತೆ ಮಾಡೋದು. ಸಾಯೋ ಯೋಚನೆ ಇರೋರನ್ನ ಹಗಲೂ ರಾತ್ರಿ ಹೊತ್ತು ಹೊತ್ತಿಗೆ ಹೋಗಿ ನೋಡಿ ಬರೆದಿಡೋದು. ಲಿಥಿಯಂ ತಗೊಳ್ಳೋರಿಗೆ ವಾಂತಿ ಭೇದಿ ಶುರುವಾದರೆ ರಕ್ತದಲ್ಲಿ ಮದ್ದಿನ ಪ್ರಮಾಣ ಏರಿ ವಿಷ ಆಗಬಹುದು ಅಂತ ತಿಳಿದು ತಕ್ಷಣ ಡಾಕ್ಟರಿಗೆ ಫೋನ್ ಮಾಡೋದು. ಕ್ಲೋಜಪಿನ್ ಶುರು ಮಾಡಿದವರಿಗೆ ಮೊದಲ ವಾರಗಳಲ್ಲಿ ವಾರ ವಾರ ಆಗಬೇಕಾದ ರಕ್ತ ಪರೀಕ್ಷೆ ತಪ್ಪದ ಹಾಗೆ ನೋಡಿಕೊಳ್ಳೋದು. ಕೇಳಿಸೋ ದನಿಯನ್ನ ‘ಅದೆಲ್ಲ ಸುಳ್ಳು’ ಅಂತ ಜಗಳಾಡದೆ, ‘ಹೌದು’ ಅಂತ ತಲೆಯೂ ಆಡಿಸದೆ, ‘ನಿಮಗೆ ಭಯ ಆಗ್ತಿದೆ ಅಲ್ವಾ’ ಅಂತ ಪಕ್ಕದಲ್ಲಿ ಕೂರೋದು. ಸಿಟ್ಟಿಗೆದ್ದವರ ಎದುರು ಎಷ್ಟು ದೂರ ನಿಲ್ಲಬೇಕು, ದನಿ ಎಷ್ಟು ತಗ್ಗಿಸಬೇಕು, ಬಾಗಿಲಿಗೆ ಅಡ್ಡ ಯಾಕೆ ನಿಲ್ಲಬಾರದು, ಎಲ್ಲಕ್ಕೂ ಕ್ರಮ ಇದೆ. ಇದು ಓದಿ, ವಾರ್ಡಿನಲ್ಲಿ ದುಡಿದು ಕಲಿಯೋ ವಿದ್ಯೆ. ಒಳ್ಳೆ ಮನಸ್ಸಿದ್ದರೆ ಸಾಕಾಗಲ್ಲ.

ಇದಿಲ್ಲದೆ ಹೋದರೆ ಏನಾಗುತ್ತೆ ಅನ್ನೋದಕ್ಕೆ ನನಗೆ ಗೊತ್ತಿರೋ ಒಂದು ಉದಾಹರಣೆ ಹೇಳ್ತೀನಿ. ರಾಯಚೂರು ಕಡೆಯ ಹುಡುಗ, ವಯಸ್ಸು ಇಪ್ಪತ್ತಾರು, ಕೆ.ಆರ್. ಪುರದ ಪಿಜಿಯಲ್ಲಿದ್ದ. ಕೆಲಸದಲ್ಲಿ ಚುರುಕು. ಒಂದು ಸಲ ಐದಾರು ರಾತ್ರಿ ನಿದ್ದೆ ಮಾಡಲಿಲ್ಲ. ಆಮೇಲೆ ಟೀಮಿನವರೆಲ್ಲ ತನ್ನ ಫೋನ್ ಓದ್ತಿದ್ದಾರೆ ಅನ್ನೋಕೆ ಶುರು ಮಾಡಿದ. ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ರು, ಊರಿಂದ ಅವರಮ್ಮ ಬಂದ್ರು, ಹತ್ತು ದಿನಕ್ಕೆ ಗುಣ ಕಂಡಿತು. ಮಾತ್ರೆ ಚೀಟಿ ಕೈಗೆ ಕೊಟ್ಟು, ತಿಂಗಳು ಬಿಟ್ಟು ಬನ್ನಿ ಅಂತ ಕಳಿಸಿದ್ರು. ಅಮ್ಮ ಊರಲ್ಲಿ ಬೆಳೆ ಇದೆ ಅಂತ ವಾಪಸು ಹೋದ್ರು. ಮೂರನೇ ವಾರಕ್ಕೆ ಇವನ ಕೈ ನಡುಗೋಕೆ ಹಿಡೀತು, ಮೈ ಮರದ ಹಾಗಾಯ್ತು, ಕೀಬೋರ್ಡ್ ಮೇಲೆ ಬೆರಳು ಓಡಲಿಲ್ಲ. ಟೈಪ್ ಮಾಡೋಕಾಗದಿದ್ದರೆ ನಮ್ಮ ಕಸುಬಿನಲ್ಲಿ ಏನು ಉಳೀತು? ಹೆದರಿ ಮಾತ್ರೆ ಬಿಟ್ಟ. ಎರಡು ತಿಂಗಳಿಗೆ ಮತ್ತೆ ಆಸ್ಪತ್ರೆ, ಈ ಸಲ ಆಂಬುಲೆನ್ಸಿನಲ್ಲಿ. ಕೆಲಸವೂ ಹೋಯ್ತು.

ಆ ನಡುಕ ಮದ್ದಿನ ಅಡ್ಡಪರಿಣಾಮ. ಡೋಸ್ ಇಳಿಸಬಹುದಿತ್ತು, ಮಾತ್ರೆ ಬದಲಿಸಬಹುದಿತ್ತು, ನಡುಕಕ್ಕೇ ಅಂತ ಬೇರೆ ಮಾತ್ರೆ ಕೊಡಬಹುದಿತ್ತು. ಬಲ್ಲ ನರ್ಸೊಬ್ಬರು ಎರಡನೇ ವಾರ ಆ ಪಿಜಿಗೆ ಹೋಗಿ ಅವನ ನಡಿಗೆ ನೋಡಿದ್ದರೆ ಹತ್ತು ನಿಮಿಷದಲ್ಲಿ ಇದು ಗೊತ್ತಾಗ್ತಿತ್ತು. ಡಾಕ್ಟರು ತಪ್ಪು ಮಾಡಲಿಲ್ಲ, ಮದ್ದೂ ತಪ್ಪಲ್ಲ. ಆಸ್ಪತ್ರೆ ಗೇಟಿಗೂ ಪಿಜಿ ರೂಮಿಗೂ ನಡುವೆ ಇರಬೇಕಾದ ಮನುಷ್ಯ ಇರಲಿಲ್ಲ.

ಈ ಕಥೆ ಕನ್ನಡಿಗರಿಗೆ ಹೊಸದೇನಲ್ಲ. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ಮಾಡಿದ ‘ಶರಪಂಜರ’ 1971ರಲ್ಲಿ ಬಂತು. ಕಲ್ಪನಾ ಮಾಡಿದ ಕಾವೇರಿ ಪಾತ್ರ ನೋಡಿ ಅಳದ ಅಮ್ಮಂದಿರಿಲ್ಲ. ನಮಗೆ ನೆನಪಿರೋದು ಅವಳ ಹುಚ್ಚು. ಆದರೆ ಕಥೆಯನ್ನ ಸರಿಯಾಗಿ ನೋಡಿ, ಆಸ್ಪತ್ರೆಯಲ್ಲಿ ಅವಳು ವಾಸಿಯಾಗಿರ್ತಾಳೆ. ಮತ್ತೆ ಕೆಡೋದು ಮನೆಗೆ ಬಂದ ಮೇಲೆ. ಗಂಡನ ಮುಖ, ಅಕ್ಕಪಕ್ಕದವರ ಕಣ್ಣು, ಹೆಜ್ಜೆ ಹೆಜ್ಜೆಗೂ ಅನುಮಾನ. ಬಿಡುಗಡೆ ಆದ ಮೇಲಿನ ದಿನಗಳೇ ಅಪಾಯದ ದಿನಗಳು ಅಂತ ಆ ಹೆಣ್ಣುಮಗಳು ಅಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ. ಈಗ ಜಗತ್ತಿನಾದ್ಯಂತ ಅಧ್ಯಯನಗಳು ಹೇಳೋದೂ ಅದನ್ನೇ: ಮನೋರೋಗದ ವಾರ್ಡಿನಿಂದ ಹೊರಬಿದ್ದ ಮೊದಲ ಕೆಲವು ವಾರಗಳಲ್ಲಿ ಆತ್ಮಹತ್ಯೆಯ ಅಪಾಯ ಬಹಳ ಹೆಚ್ಚು. ಸರಿಯಾಗಿ ಅದೇ ವಾರಗಳಲ್ಲಿ ನಾವು ರೋಗಿಯ ಕೈಗೆ ಚೀಟಿ ಕೊಟ್ಟು ಆಟೋ ಹತ್ತಿಸ್ತೀವಿ.

ಈಗ ನಮ್ಮೂರಿನ ಲೆಕ್ಕಕ್ಕೆ ಬರೋಣ. ನಿಮ್ಹಾನ್ಸ್‌ನ ಬೇರು 1847ರ ಬೆಂಗಳೂರು ಲುನಾಟಿಕ್ ಅಸೈಲಂನಲ್ಲಿದೆ. 1925ರಲ್ಲಿ ಅದು ಮೆಂಟಲ್ ಹಾಸ್ಪಿಟಲ್ ಆಯ್ತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯ್ತು, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್. ಸೈಕಿಯಾಟ್ರಿಕ್ ನರ್ಸಿಂಗ್ ಡಿಪ್ಲೊಮಾ ಇಲ್ಲಿ 1950ರ ದಶಕದಲ್ಲೇ ಶುರುವಾಗಿತ್ತು. ಅದೇ 1954ರಲ್ಲಿ ಇಂಗ್ಲೆಂಡಿನ ವಾರ್ಲಿಂಗ್‌ಹ್ಯಾಮ್ ಪಾರ್ಕ್ ಆಸ್ಪತ್ರೆ, ಬಿಡುಗಡೆ ಆದ ರೋಗಿಗಳ ಮನೆಗೆ ತನ್ನ ನರ್ಸುಗಳನ್ನ ಕಳಿಸೋಕೆ ಶುರು ಮಾಡಿತು. ಆ ಸಣ್ಣ ಪ್ರಯೋಗ ಬೆಳೆದು ಇವತ್ತು ಅಲ್ಲಿ ಮನೆಗೆ ಬರೋ ಮನೋರೋಗ ನರ್ಸ್ ಅನ್ನೋದು ಮಾಮೂಲಿ ಕೆಲಸ.

ನಮ್ಮವರೂ ಹಿಂದೆ ಬೀಳಲಿಲ್ಲ. 1980ರ ದಶಕದ ಆರಂಭದಲ್ಲಿ ನಿಮ್ಹಾನ್ಸ್‌ನ ಪೈ ಮತ್ತು ಆರ್.ಎಲ್. ಕಪೂರ್ ಒಂದು ಅಧ್ಯಯನ ಮಾಡಿದ್ರು. ಸ್ಕಿಜೋಫ್ರೇನಿಯಾ ಇದ್ದ 27 ಜನರನ್ನ ಆಸ್ಪತ್ರೆಗೆ ಸೇರಿಸಿ ನೋಡಿಕೊಂಡ್ರು, ಇನ್ನೊಂದು 27 ಜನರನ್ನ ಮನೆಯಲ್ಲೇ ಇಟ್ಟು, ತರಬೇತಾದ ನರ್ಸನ್ನ ಅವರ ಮನೆಗೆ ಕಳಿಸಿದ್ರು. ಫಲಿತಾಂಶ 1983ರಲ್ಲಿ ಪ್ರಕಟವಾಯ್ತು. ನರ್ಸ್ ಮನೆಗೆ ಹೋದವರಲ್ಲಿ ಕಾಯಿಲೆ ಹೆಚ್ಚು ಹತೋಟಿಗೆ ಬಂತು, ಜನರ ಜೊತೆ ಬೆರೆತು ಕೆಲಸ ಕಾರ್ಯ ಮಾಡೋದು ಸುಧಾರಿಸಿತು, ಮನೆಯವರ ಹೊರೆ ಬಹಳ ಇಳೀತು. ಖರ್ಚೂ ಕಡಿಮೆ ಬಂತು! ನಮ್ಮ ಆಫೀಸಿನಲ್ಲಿ ಯಾವುದಾದರೂ ಪೈಲಟ್ ಪ್ರಾಜೆಕ್ಟಿಗೆ ಇಂಥ ರಿಸಲ್ಟ್ ಬಂದಿದ್ದರೆ ಮುಂದಿನ ಕ್ವಾರ್ಟರಿಗೆ ಊರೆಲ್ಲ ಹಬ್ಬಿಸ್ತಿದ್ದೆವು. ಇದಕ್ಕೆ 40 ವರ್ಷ ಆಯ್ತು. ಬೌರಿಂಗ್ ಆಸ್ಪತ್ರೆ ಸುತ್ತಲಿನ ಶಿವಾಜಿನಗರದ ಗಲ್ಲಿಗಳಲ್ಲಿ, ಹಲಸೂರಿನ ವಠಾರಗಳಲ್ಲಿ ಕೇಳಿ ನೋಡಿ, ಇಂಥ ನರ್ಸು ಬಾಗಿಲು ತಟ್ಟಿದ್ದನ್ನ ಕಂಡವರು ಎಷ್ಟು ಜನ ಅಂತ.

ಇಲ್ಲಿ ಒಂದು ಮಾತು ಬರುತ್ತೆ: ‘ನಮ್ಮದು ಕುಟುಂಬ ಪದ್ಧತಿ, ಮನೆಯವರೇ ನೋಡ್ಕೋತಾರೆ.’ 1950ರ ದಶಕದಲ್ಲಿ ಅಮೃತಸರದ ಡಾಕ್ಟರ್ ವಿದ್ಯಾಸಾಗರ್ ರೋಗಿಗಳ ಮನೆಯವರನ್ನೂ ಆಸ್ಪತ್ರೆ ಅಂಗಳದಲ್ಲಿ ಟೆಂಟು ಹಾಕಿ ಉಳಿಸಿಕೊಂಡ್ರು. ಒಳ್ಳೇದೇ ಆಯ್ತು, ರೋಗಿಗಳು ಬೇಗ ಗುಣವಾಗಿ ಮನೆಗೆ ಹೋದ್ರು. ಬೆಂಗಳೂರಲ್ಲೂ ಮನೆಯವರು ಜೊತೆಗಿರೋ ಪದ್ಧತಿ ಬೆಳೀತು. ಆದರೆ ಮನೆಯವರು ಇರಬೇಕಾದದ್ದು ನರ್ಸಿನ ಜೊತೆಗೆ, ನರ್ಸಿನ ಬದಲಿಗೆ ಅಲ್ಲ. ಇವತ್ತು ಎಷ್ಟೋ ಕಡೆ ‘ಅಟೆಂಡರ್ ಯಾರಾದರೂ ಇದ್ದಾರಾ’ ಅನ್ನೋದೇ ಮೊದಲ ಪ್ರಶ್ನೆ. ಆ ಅಟೆಂಡರ್ ಅಂದ್ರೆ ಹೆಚ್ಚು ಸಲ ಒಬ್ಬಳು ಅಮ್ಮ, ಇಲ್ಲ ಒಬ್ಬಳು ಹೆಂಡತಿ. ಅವಳ ಕೂಲಿ ಹೋಗುತ್ತೆ, ನಿದ್ದೆ ಹೋಗುತ್ತೆ, ಸಂಬಳವಿಲ್ಲದ ರಾತ್ರಿ ಪಾಳಿ ಅವಳದಾಗುತ್ತೆ. ಇದನ್ನೇ ನಾವು ಸಂಸ್ಕೃತಿ ಅಂತ ಹೊಗಳ್ತೀವಿ. ಇನ್ನು ಪಿಜಿಯಲ್ಲಿರೋ ನಮ್ಮಂಥ ಹಳ್ಳಿ ಹುಡುಗ ಹುಡುಗಿಯರಿಗೆ ಅಟೆಂಡರ್ ಯಾರು? ರೂಮ್‌ಮೇಟು. ಅವನಿಗೂ ಬೆಳಿಗ್ಗೆ ಒಂಬತ್ತೂವರೆಗೆ ಸ್ಟ್ಯಾಂಡ್‌ಅಪ್ ಇರುತ್ತೆ.

ಎರಡನೇ ಮಾತು: ‘ಮೊದಲು ಡಾಕ್ಟರುಗಳೇ ಸಾಲದು, ನರ್ಸ್ ಎಲ್ಲಿಂದ ತರೋದು?’ ಇದನ್ನ ಬೆಂಗಳೂರಲ್ಲಿ ನಿಂತು ಹೇಳೋಕೆ ಧೈರ್ಯ ಬೇಕು. ರಸ್ತೆಗೊಂದು ನರ್ಸಿಂಗ್ ಕಾಲೇಜಿರೋ ಊರು ಇದು. ಜಿಎನ್‌ಎಂ ಇರಲಿ, ಬಿಎಸ್ಸಿ ಇರಲಿ, ಸೈಕಿಯಾಟ್ರಿಕ್ ನರ್ಸಿಂಗ್ ಒಂದು ವಿಷಯವಾಗಿ ಎಲ್ಲರೂ ಓದ್ತಾರೆ. ಓದಿದವರು ಆಮೇಲೆ ಹೋಗೋದು ಐಸಿಯುಗೆ, ಇಲ್ಲ ಲಂಡನ್ನಿಗೆ, ಜರ್ಮನಿಗೆ. ಯಾಕಂದ್ರೆ ಇಲ್ಲಿ ಆ ಕೆಲಸಕ್ಕೆ ಸಂಬಳವೂ ಇಲ್ಲ, ಮೇಲೇರೋ ಮೆಟ್ಟಿಲೂ ಇಲ್ಲ. ಇವತ್ತು ಮನೋರೋಗ ವಾರ್ಡು, ನಾಳೆ ಹೆರಿಗೆ ವಾರ್ಡು ಅಂತ ಸುತ್ತಿಸಿದರೆ ಕಲಿತ ವಿದ್ಯೆ ಯಾರ ಕೈಯಲ್ಲಿ ಉಳಿಯುತ್ತೆ? ಜನ ಇದ್ದಾರೆ, ಹುದ್ದೆ ಇಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋರೋಗ ನರ್ಸು, ಸಮುದಾಯ ನರ್ಸು ಅಂತ ಕಾಗದದ ಮೇಲೆ ಇದೆ. ಆದರೆ ಕೋಟಿಗೂ ಮೀರಿ ಜನ ಇರೋ ಊರಿಗೆ ಬೆರಳೆಣಿಕೆಯ ನರ್ಸುಗಳನ್ನ ಕೊಟ್ಟು ಮನೆ ಮನೆಗೆ ಹೋಗಿ ಅಂದ್ರೆ ಅದು ತಮಾಷೆ.

ಮೂರನೇ ಮಾತು: ‘ನರ್ಸ್ ಮನೆಗೆ ಬಂದ್ರೆ ಅಕ್ಕಪಕ್ಕದವರಿಗೆ ಗೊತ್ತಾಗಿಬಿಡುತ್ತೆ.’ ಬಿಪಿ, ಶುಗರು ನೋಡೋಕೆ ಬರೋರ ಹಾಗೇ ಮಾಮೂಲಿ ಬಟ್ಟೆಯಲ್ಲಿ ಬರಲಿ, ಯಾರಿಗೂ ಗೊತ್ತಾಗಲ್ಲ. ಅಕ್ಕಪಕ್ಕದವರಿಗೆ ನಿಜವಾಗಿ ಗೊತ್ತಾಗೋದು ಯಾವಾಗ ಗೊತ್ತಾ? ನರ್ಸ್ ಬಾರದೆ, ಮಾತ್ರೆ ತಪ್ಪಿ, ಕೊನೆಗೆ ಪೊಲೀಸ್ ಜೀಪು ಬಂದಾಗ.

ಇದೆಲ್ಲ ದಯೆ ದಾಕ್ಷಿಣ್ಯದ ಮಾತೂ ಅಲ್ಲ, ಕಾನೂನಿನ ಮಾತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದು, ಸರಪಳಿ ಹಾಕಿ ಕಟ್ಟಿದ್ದ 28 ಮಾನಸಿಕ ರೋಗಿಗಳು ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನ ಪೂರ್ತಿ ನಿಷೇಧಿಸಿತು. ಅದರ 97ನೇ ಸೆಕ್ಷನ್ ಇನ್ನೂ ಒಂದು ಮಾತು ಹೇಳುತ್ತೆ: ಸಿಬ್ಬಂದಿ ಕಡಿಮೆ ಇದ್ದಾರೆ ಅನ್ನೋ ಕಾರಣಕ್ಕೆ ರೋಗಿಯನ್ನ ಕಟ್ಟಿಹಾಕೋ ಹಾಗಿಲ್ಲ. ಅಂದ್ರೆ ನರ್ಸ್ ಕಡಿಮೆಯಾದಾಗ ಆ ಜಾಗಕ್ಕೆ ಹಗ್ಗ ಬರುತ್ತೆ ಅನ್ನೋದು ಕಾನೂನು ಬರೆದವರಿಗೂ ಗೊತ್ತಿತ್ತು. 18ನೇ ಸೆಕ್ಷನ್ ಮನೆಯವರಿಗೆ ನೆರವಾಗೋ, ಮನೆಯಲ್ಲೇ ಪುನರ್ವಸತಿ ಕೊಡೋ ಸೇವೆ ಒದಗಿಸಿ ಅನ್ನುತ್ತೆ. 31ನೇ ಸೆಕ್ಷನ್ ಒಂದು ಗಡುವನ್ನೇ ಇಟ್ಟಿದೆ: ಕಾಯ್ದೆ ಜಾರಿಯಾಗಿ ಹತ್ತು ವರ್ಷದೊಳಗೆ, ಜನಸಂಖ್ಯೆಗೆ ತಕ್ಕಷ್ಟು ಮಾನಸಿಕ ಆರೋಗ್ಯ ವೃತ್ತಿಪರರು ಇರೋ ಹಾಗೆ ಸರ್ಕಾರ ಪ್ರಯತ್ನ ಮಾಡಬೇಕು. ಕಾಯ್ದೆ ಜಾರಿಯಾಗಿದ್ದು 2018ರ ಮೇ 29ಕ್ಕೆ. ಗಡುವು 2028ರ ಮೇ. ನಿಮ್ಹಾನ್ಸ್ ಮಾಡಿದ 2015-16ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ತೀವ್ರ ಮನೋರೋಗ ಇರೋರಲ್ಲೂ ಹೆಚ್ಚುಕಡಿಮೆ ನಾಲ್ವರಲ್ಲಿ ಮೂವರಿಗೆ ಚಿಕಿತ್ಸೆಯೇ ಸಿಗ್ತಿಲ್ಲ. ನಮ್ಮ ಯಾವುದಾದರೂ ಪ್ರಾಜೆಕ್ಟು ಗಡುವಿನ ಹತ್ತಿರ ಈ ಸ್ಥಿತಿಯಲ್ಲಿದ್ದಿದ್ದರೆ ಮ್ಯಾನೇಜರು ದಿನಕ್ಕೆ ಎರಡು ಕಾಲ್ ಇಡ್ತಿದ್ರು.

2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಶುರುವಾಯ್ತು, ನಂಬರ್ 14416. ಒಳ್ಳೇದೇ, ಬರೆದಿಟ್ಟುಕೊಳ್ಳಿ, ಬೇಕಾದವರಿಗೆ ಕೊಡಿ. ಆದರೆ ಫೋನ್ ಎತ್ತೋಕೆ ರೋಗಿಗೆ ತನಗೆ ಕಾಯಿಲೆ ಇದೆ ಅಂತ ಅನ್ನಿಸಬೇಕಲ್ಲ? ಫೋನಿನಲ್ಲೇ ಎಲ್ಲರೂ ಕದ್ದು ಕೇಳ್ತಿದ್ದಾರೆ ಅಂತ ನಂಬಿರೋರಿಗೆ ಫೋನ್ ನಂಬರ್ ಕೊಟ್ಟು ಏನು ಪ್ರಯೋಜನ? ಅಂಥವರ ಹತ್ತಿರ ಯಾರಾದರೂ ನಡ್ಕೊಂಡೇ ಹೋಗಬೇಕು.

ಹಾಗಾದ್ರೆ ಏನು ಮಾಡಬೇಕು? ಸರ್ಕಾರಕ್ಕೆ ಕೇಳೋದು ಒಂದೇ. ಶಿವಾಜಿನಗರದ ಬೌರಿಂಗ್, ಸಿ.ವಿ. ರಾಮನ್ ನಗರದ ಜನರಲ್ ಆಸ್ಪತ್ರೆ, ಕೆ.ಆರ್. ಪುರದ ಸರ್ಕಾರಿ ಆಸ್ಪತ್ರೆ, ಈ ಮೂರರಲ್ಲೂ ಮನೆಗೆ ಹೋಗೋ ಮನೋರೋಗ ನರ್ಸುಗಳ ಒಂದೊಂದು ಖಾಯಂ ತಂಡ ಇರಲಿ. ಬೇರೆ ವಾರ್ಡಿಗೆ ಎತ್ತಂಗಡಿ ಮಾಡಬಾರದು, ಬಡ್ತಿ ಅದೇ ದಾರಿಯಲ್ಲಿ ಸಿಗಬೇಕು. ಬಿಡುಗಡೆಯಾದ ವಾರದೊಳಗೆ ಮೊದಲ ಭೇಟಿ ಆಗಲೇಬೇಕು. ಜನ ಮನಸ್ಸು ಮಾಡಿದರೆ ಆಗುತ್ತೆ ಅನ್ನೋದಕ್ಕೆ ಕಂಟೋನ್ಮೆಂಟೇ ಸಾಕ್ಷಿ. 1964ರಲ್ಲಿ ಹುಟ್ಟಿದ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್, ಆಸ್ಪತ್ರೆಯಿಂದ ಬಂದವರು ಮನೆ ಸೇರೋ ಮುಂಚೆ ಇದ್ದು ಸುಧಾರಿಸಿಕೊಳ್ಳೋಕೆ ಅಂತ ಪಾಟರಿ ರೋಡಿನಲ್ಲಿ ಹಾಫ್‌ವೇ ಹೋಮ್ ನಡೆಸಿಕೊಂಡು ಬಂದಿದೆ. ಟೆಕ್ ಪಾರ್ಕ್ ಅನ್ನೋ ಪದವೇ ಇಲ್ಲದ ಕಾಲದಲ್ಲಿ ಹುಟ್ಟಿದ ಸಂಸ್ಥೆ ಅದು.

ಇನ್ನು ನಮ್ಮ ಪಾಲು. ಕಂಪನಿಗಳ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನ ಸಮಾಜಕ್ಕೆ ಖರ್ಚು ಮಾಡಲೇಬೇಕು. ಆ ದುಡ್ಡಿನಲ್ಲಿ ಇನ್ನೊಂದು ಆಪ್ ಬೇಡ, ನರ್ಸುಗಳ ಸಂಬಳ ಕೊಡಿ ಅಂತ ನಾವು ಒಳಗಿನಿಂದ ಕೇಳಬೇಕು. 2017ರ ಕಾಯ್ದೆ ದೇಹದ ಕಾಯಿಲೆಗೂ ಮನಸ್ಸಿನ ಕಾಯಿಲೆಗೂ ವಿಮೆಯಲ್ಲಿ ಭೇದ ಮಾಡಬಾರದು ಅಂದಿದೆ. ನಿಮ್ಮ ಗ್ರೂಪ್ ಪಾಲಿಸಿ ತೆಗೆದು ಓದಿ. ಬಹುತೇಕ ಪಾಲಿಸಿಗಳಲ್ಲಿ ದುಡ್ಡು ಸಿಗೋದು ಅಡ್ಮಿಟ್ ಆದರೆ ಮಾತ್ರ. ಅಡ್ಮಿಟ್ ಆಗದ ಹಾಗೆ ನೋಡಿಕೊಳ್ಳೋ ನರ್ಸಿಗೆ ಬಿಡಿಗಾಸಿಲ್ಲ. ಅದನ್ನ ಸೇರಿಸಿ ಅಂತ ಎಚ್‌ಆರ್‌ಗೆ ಬರೆಯೋದಕ್ಕೆ ಐದು ನಿಮಿಷ ಸಾಕು. ಹತ್ತು ಜನ ಬರೆದರೆ ಮೀಟಿಂಗ್ ಆಗುತ್ತೆ, ನೂರು ಜನ ಬರೆದರೆ ಪಾಲಿಸಿ ಬದಲಾಗುತ್ತೆ. ನಮ್ಮ ಲೋಕದಲ್ಲಿ ಎಲ್ಲ ಬದಲಾಗೋದೇ ಹಾಗೆ.

ಮುಂದಿನ ಸಲ ನಿಮ್ಮ ವಾರ್ಡಿಗೆ ಯಾರಾದರೂ ಓಟು ಕೇಳೋಕೆ ಬಂದ್ರೆ ರಸ್ತೆ ಗುಂಡಿ, ನೀರಿನ ಟ್ಯಾಂಕರ್ ಜೊತೆ ಇದನ್ನೂ ಕೇಳಿ: ಬೆಂಗಳೂರಿನ ಪೂರ್ವಕ್ಕೆ ಮನೆಗೆ ಬರೋ ಮನೋರೋಗ ನರ್ಸುಗಳು ಎಷ್ಟು ಜನ, ಯಾವ ತಾರೀಕಿನಿಂದ? ಜಾಗೃತಿ ಮೂಡಿಸ್ತೀವಿ ಅಂದ್ರೆ ಒಪ್ಪಬೇಡಿ. ಒಂದು ಸಂಖ್ಯೆ ಹೇಳಿ, ಒಂದು ತಾರೀಕು ಹೇಳಿ ಅಂತ ಪಟ್ಟು ಹಿಡೀರಿ.